ಧ್ವನಿಮುದ್ರಿಕೆಯ ಅಂಕಿತ

ಹಾಡನ್ನು ಕೇಳುವುದು ಬೇರೆ, ಹಾಡಿನ ಮುದ್ರಿಕೆಯನ್ನು ಪರೀಕ್ಷಿಸುವುದು ಬೇರೆ. ಕಚೇರಿಯಲ್ಲಿ ಗಾಯಕರು ನಮ್ಮೆದುರೇ ಕುಳಿತಿರುತ್ತಾರೆ. ಅವರ ಕಂಠಕ್ಕೂ ನಮ್ಮ ಕಿವಿಗೂ ನಡುವೆ ಇರುವುದು ಗಾಳಿಯೊಂದೇ. ಧ್ವನಿಮುದ್ರಿಕೆಯಲ್ಲಾದರೋ ನಡುವೆ ಹಲವರ ಕೈಗಳಿರುತ್ತವೆ: ಧ್ವನಿಯನ್ನು ಹಿಡಿದವರ ಕೈ, ತಟ್ಟೆಗೆ ಅಚ್ಚು ಹಾಕಿದವರ ಕೈ, ಹೆಸರಿನ ಚೀಟಿ ಅಂಟಿಸಿದವರ ಕೈ. ಹಳೆಯ ಮುದ್ರಿಕೆ ಮತ್ತೆ ಹೊರಬಂದಾಗ, ಅದನ್ನು ತೊಳೆದು ತಿದ್ದಿ ಹೊಸ ಹೊದಿಕೆ ಹಾಕಿದವರ ಕೈಯೂ ಸೇರುತ್ತದೆ. ಆದ್ದರಿಂದ ಮುದ್ರಿಕೆಯ ಗುಣದೋಷ ಹೇಳಹೊರಟವರು ಹಾಡು ಇಂಪಾಗಿದೆಯೆ ಎಂದು ಕೇಳುವುದಕ್ಕೆ ಮೊದಲು, ಇದು ಯಾರದು, ಯಾವ ಕಾಲದ್ದು, ಇದ್ದಂತೆ ಇದೆಯೆ ಎಂದು ಕೇಳಬೇಕು.

ಈ ವಿಚಾರ ಈಗ ಏಕೆ ಮುಖ್ಯ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಅವಧಿ ತೀರಿದ ಮುದ್ರಿಕೆಯನ್ನು ಯಾರು ಬೇಕಾದರೂ ಮರಳಿ ಹೊರತರಬಹುದು. ಹೀಗಾಗಿ ಹಳೆಯ ಗ್ರಾಮಾಫೋನ್ ತಟ್ಟೆಗಳ ಹಾಡು ಮೊದಲು ಕ್ಯಾಸೆಟ್ಟಿಗೆ, ಆಮೇಲೆ ಸಿ.ಡಿ.ಗೆ, ಈಗ ಮೊಬೈಲಿಗೆ ಬಂದು ಮನೆಮನೆ ತಲುಪಿದೆ. ಇದು ಸಂತೋಷದ ಸಂಗತಿಯೇ. ಆದರೆ ಹೀಗೆ ಕೈಯಿಂದ ಕೈಗೆ ದಾಟುವಾಗ ಹಾಡು ಉಳಿಯುತ್ತದೆ, ಹೆಸರು ಕಳೆಯುತ್ತದೆ.

ಹೆಸರಿನ ಮಾತು ಮುದ್ರಿಕೆಯ ಚರಿತ್ರೆಯ ಮೊದಲ ಪುಟದಲ್ಲೇ ಇದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬುವರು ಕಲ್ಕತ್ತೆಗೆ ಬಂದು ನಮ್ಮ ಗಾಯಕಿಯರ ಹಾಡುಗಳನ್ನು ಮುದ್ರಿಸಿಕೊಂಡರು. ಆಗ ಹಾಡಿದ ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಮೇಣದ ಮೂಲ ಮುದ್ರಿಕೆಗಳು ಅಚ್ಚಿಗಾಗಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಇದು ಯಾರ ಹಾಡೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಈ ಗೌಹರ್ ಜಾನ್ 1928ರಲ್ಲಿ ಮೈಸೂರಿನ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಹಾಡಿನ ಕೊನೆಯ ಆ ಮಾತು ಸಂಗೀತವಲ್ಲವೆಂದು ಮರುಮುದ್ರಣದಲ್ಲಿ ಕತ್ತರಿಸಿದರೆ ಕೇಳುವುದಕ್ಕೆ ನಯವಾದೀತು. ಮುದ್ರಿಕೆ ಮಾತ್ರ ಅನಾಥವಾದೀತು.

ಹಾಡಿನ ಕೊನೆಗೆ ಹೆಸರು ಬರುವುದು ರಾಯಚೂರು ಸೀಮೆಯವರಿಗೆ ಹೊಸದೇನಲ್ಲ. ಅದನ್ನೇ ನಾವು ಅಂಕಿತವೆನ್ನುತ್ತೇವೆ. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರ (1682–1755) ಅಂಕಿತ ವಿಜಯವಿಠಲ. ಅವರ ಶಿಷ್ಯರು ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಅಂಕಿತ ಗೋಪಾಲವಿಠಲ. ಇವರ ಅನುಗ್ರಹ ಪಡೆದವರು ಹರಿಕಥಾಮೃತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಮಾನ್ವಿಯ ಜಗನ್ನಾಥದಾಸರು (1728–1809); ಅಂಕಿತ ಜಗನ್ನಾಥವಿಠಲ. ಒಂದೇ ಸೀಮೆಯ ನೆಲದಲ್ಲಿ ಇಂಥ ಮೂರು ಹೆಸರು! ಆದರೆ ದಾಸರ ಪದವೆಂದರೆ ಪುರಂದರದಾಸರದೇ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಬಿಡುವ ವಾಡಿಕೆಯೊಂದು ಬೆಳೆದಿದೆ. ಇಲ್ಲವಾದರೆ 'ಸಾಂಪ್ರದಾಯಿಕ' ಎಂಬ ಒಂದು ಮಾತಿನಿಂದ ಕೆಲಸ ಮುಗಿಯುತ್ತದೆ. ತರಗತಿಯಲ್ಲಿ ನಮ್ಮ ಮಾನ್ವಿಯ ಹುಡುಗರನ್ನೇ ಕೇಳಿದರೂ ಪದ ಬಾಯಿಗೆ ಬರುತ್ತದೆ, ಬರೆದವರು ತಮ್ಮ ಊರಿನವರೆಂಬುದು ಬರುವುದಿಲ್ಲ.

ಇದಕ್ಕೆ ತಟ್ಟೆಯ ಅಳತೆಯೂ ಒಂದು ಕಾರಣ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷದ ಹಾಡು. ಐದಾರು ನುಡಿಗಳ ಪದ ಅಲ್ಲಿ ಪಲ್ಲವಿಗೂ ಎರಡು ನುಡಿಗೂ ಇಳಿಯಬೇಕು. ನಡುವಿನ ನುಡಿ ಬಿಟ್ಟು ಅಂಕಿತದ ನುಡಿ ಉಳಿಸಿಕೊಂಡವರು ಜಾಣರು. ಕೊನೆಯ ನುಡಿಯನ್ನೇ ಬಿಟ್ಟರೆ ಕವಿಯ ಹೆಸರು ಅಳಿಸಿದಂತೆ. ತಾಳದಿಂದ ತಾಳಕ್ಕೆ ಸಾಗುವ ವಿಜಯದಾಸರ ಸುಳಾದಿಗಳು ಆ ಮೂರು ನಿಮಿಷದಲ್ಲಿ ಹೇಗೆ ಹಿಡಿದಾವು? 1948ರಲ್ಲಿ ಅಮೆರಿಕದಲ್ಲಿ ಬಂದ ದೀರ್ಘಮುದ್ರಿಕೆ, ಅಂದರೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಎಲ್.ಪಿ., ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸ್ಥಳ ಕೊಟ್ಟಿತು. ಕ್ಯಾಸೆಟ್ಟು ಇನ್ನೂ ಹೆಚ್ಚು ಕೊಟ್ಟಿತು. ಹಳೆಯ ಮೂರು ನಿಮಿಷದ ಪದವನ್ನು ಮರಳಿ ತರುವವರು ಪೂರ್ಣಪಾಠವನ್ನು, ಅಂಕಿತಸಹಿತ, ಹೊದಿಕೆಯಲ್ಲಾದರೂ ಕೊಡಬೇಕು. ಕೊಟ್ಟರೆ ವಿಮರ್ಶಕರು ಮೆಚ್ಚಿ ಬರೆಯಬೇಕು. ಕೊಡದಿದ್ದರೆ ಅದನ್ನೂ ಬರೆಯಬೇಕು.

ಇನ್ನು ಧ್ವನಿಯ ವಿಚಾರ. 78 ಸುತ್ತಿನ ತಟ್ಟೆ ಎಂದರೆ ಎಲ್ಲವೂ ನಿಖರವಾಗಿ 78 ಸುತ್ತಿನವೇ ಅಲ್ಲ. ಮೊದಲ ದಶಕಗಳ ತಟ್ಟೆಗಳಲ್ಲಿ ವೇಗ ಹೆಚ್ಚುಕಡಿಮೆಯಾಗುತ್ತಿತ್ತು. ವೇಗ ನೂರಕ್ಕೆ ಆರರಷ್ಟು ಏರಿದರೆ ಶ್ರುತಿಯೂ ಏರಿ, ಹಾರ್ಮೋನಿಯಮ್ಮಿನ ಒಂದು ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋದಷ್ಟು ವ್ಯತ್ಯಾಸವಾಗುತ್ತದೆ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟಾಯಿತು. ಗಂಭೀರ ಕಂಠ ತೆಳುವಾಗುತ್ತದೆ, ವಿಲಂಬಿತಕ್ಕೆ ಅವಸರ ಹತ್ತುತ್ತದೆ. ಅದೇ ಗಾಯಕರ ಬೇರೊಂದು ಮುದ್ರಿಕೆಯನ್ನು ಪಕ್ಕದಲ್ಲಿಟ್ಟು ಕೇಳಿದರೆ ಇದು ಗೊತ್ತಾಗುತ್ತದೆ.

ಎರಡನೆಯದು ಸದ್ದು ತೆಗೆಯುವ ಕೆಲಸ. ಆ ಕಾಲದ ತಟ್ಟೆ ಅರಗಿನಿಂದಲೂ ಕಲ್ಲುಪುಡಿಯಿಂದಲೂ ಮಾಡಿದ್ದು. ಮುಳ್ಳು ಓಡಿದಂತೆಲ್ಲ ಸರಸರ ಸದ್ದು ಬರುವುದು ಸಹಜ. ಇಂದಿನ ಯಂತ್ರಗಳಿಂದ ಅದನ್ನು ಪೂರಾ ತೆಗೆಯಬಹುದು. ಆದರೆ ಆ ಸರಸರ ಸದ್ದು ಇರುವ ಎತ್ತರದ ನಾದಗಳಲ್ಲಿಯೇ ನಮ್ಮ ಸ, ಶ, ಷಗಳ ಉಸಿರೂ ತಂಬೂರಿಯ ಝೇಂಕಾರವೂ ಇರುತ್ತವೆ. ಕಳೆ ಕೀಳುವವನು ಪೈರನ್ನೂ ಕಿತ್ತರೆ ಹೊಲ ಚೊಕ್ಕಟವಾದೀತು, ಕಣಕ್ಕೆ ಏನೂ ಬಾರದು. ಮರುಮುದ್ರಣವನ್ನು ಪರೀಕ್ಷಿಸಲು ಕನ್ನಡಿಗರಿಗೆ ಸುಲಭದ ಉಪಾಯವುಂಟು: ಶಕಾರ ಸಕಾರಗಳು ಬೇರೆಬೇರೆಯಾಗಿ ಕೇಳುತ್ತವೆಯೆ ಎಂದು ಗಮನಿಸಿರಿ. ಕೇಳದಿದ್ದರೆ, ಒಂದೋ ಗಾಯಕರ ಉಚ್ಚಾರಣೆ ಶುದ್ಧವಿಲ್ಲ, ಇಲ್ಲವೇ ತೊಳೆದವರ ಕೈ ಭಾರ. ಗುಹೆಯೊಳಗಿನಂತೆ ಮೊಳಗು ಸೇರಿಸುವುದೂ ಇಂಥದೇ ತಪ್ಪು.

ಮೂರನೆಯದು ಇಸವಿ. ಗಂಗೂಬಾಯಿ ಹಾನಗಲ್ಲರು (1913–2009) 1930ರ ದಶಕದಲ್ಲಿ ಕೊಟ್ಟ ತಟ್ಟೆಗಳ ಮೇಲೆ 'ಗಾಂಧಾರಿ' ಎಂಬ ಹೆಸರುಂಟು. ಅಲ್ಲಿಯ ಕಂಠ ಎಳೆಯದು, ಎತ್ತರದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅವರ ಕಂಠ ಗಡುಸಾಗಿ, ನಾವೆಲ್ಲ ಬಲ್ಲ ಆ ಗಂಭೀರ ಶಾರೀರವಾಯಿತು. ಇಸವಿ ಹಾಕದೆ ಎರಡನ್ನೂ ಒಂದೇ ಸಂಕಲನದಲ್ಲಿ ಸೇರಿಸಿದರೆ, ಕೇಳುಗರು ಇದು ಇನ್ನಾರೋ ಎಂದುಕೊಂಡಾರು. ಅಥವಾ ತಟ್ಟೆಯ ವೇಗ ಕೆಟ್ಟಿದೆ ಎಂದಾರು. ನಾಲ್ಕು ಅಂಕಿಗಳನ್ನು ಅಚ್ಚು ಹಾಕಿದ್ದರೆ ಈ ಗೊಂದಲವೇ ಇಲ್ಲ.

ಇಷ್ಟು ನೋಡಿದ ಮೇಲೆ ಗಾಯನದ ವಿಮರ್ಶೆ. ಇಲ್ಲಿ ಎಲ್ಲ ಹಾಡಿಗೂ ಒಂದೇ ಸೇರಿನಿಂದ ಅಳೆಯಬಾರದು. ಮೂರು ನಿಮಿಷದ ಖಯಾಲಿನಲ್ಲಿ ವಿಸ್ತಾರವನ್ನು ಹುಡುಕಬೇಡಿ. ರಾಗದ ಮುಖ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ತೋರಿತೆಂದು ನೋಡಿರಿ. ಮಲ್ಲಿಕಾರ್ಜುನ ಮನಸೂರರ (1910–1992) ಮೊದಲ ತಟ್ಟೆಗಳನ್ನೂ ಮುಂದಿನ ದೀರ್ಘಮುದ್ರಿಕೆಗಳನ್ನೂ ಹೀಗೆ ಬೇರೆಬೇರೆ ಕಣ್ಣಿನಿಂದಲೇ ನೋಡಬೇಕು. ವಚನಕ್ಕೆ ಛಂದಸ್ಸಿನ ಗಣಗಳ ಕಟ್ಟಿಲ್ಲ. ಆದ್ದರಿಂದ ಗಾಯಕರು ಉಸಿರನ್ನು ಎಲ್ಲಿ ನಿಲ್ಲಿಸಿದರು, ಆ ನಿಲುಗಡೆಯಿಂದ ಅರ್ಥ ತೆರೆಯಿತೆ ಮುರಿಯಿತೆ ಎಂಬುದೇ ಒರೆಗಲ್ಲು. ರಾಯಚೂರಿನ ರಂಗಮಂದಿರ ಯಾರ ಹೆಸರನ್ನು ಹೊತ್ತಿದೆಯೋ ಆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ವಚನಗಾಯನಕ್ಕೆ ಹೆಸರಾದವರು, ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರ ಮುದ್ರಿಕೆ ಸಿಕ್ಕರೆ ಈ ಒರೆಗಲ್ಲಿನಲ್ಲಿಯೇ ತಿಕ್ಕಿ ನೋಡಿರಿ. ರಂಗಗೀತೆ ಕೊನೆಯ ಸಾಲಿನವರಿಗೂ ಕೇಳಿಸಲೆಂದು ಹುಟ್ಟಿದ್ದು. ಅದರ ಅಬ್ಬರ ದೋಷವಲ್ಲ. ತತ್ವಪದ, ಮೊಹರಮ್ ಪದಗಳಲ್ಲಿ ಸೊಲ್ಲು ಎತ್ತಿದವರಿಗಿಂತ ಹಿಂದೆ ದನಿಗೂಡಿಸಿದವರೇ ಮುಖ್ಯ; ಆ ಹಿಮ್ಮೇಳವನ್ನು ತಗ್ಗಿಸಿದ ಮುದ್ರಿಕೆ ಅರ್ಧ ಪದವನ್ನೇ ಕೊಟ್ಟಂತೆ.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ಕೆಲವು ಹಾಡುಗಳ ಮೂಲ ಅಚ್ಚು ಕಂಪೆನಿಯಲ್ಲಿಯೂ ಉಳಿದಿರುವುದಿಲ್ಲ. ಯಾರದೋ ಅಟ್ಟದ ಮೇಲಿನ ತಟ್ಟೆಯಿಂದಲೇ ಅವು ಮರಳಿ ಬರಬೇಕು. ಅಂಥ ತಟ್ಟೆ ನಿಮ್ಮಲ್ಲಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರಿ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೂ ತಗಡಿನ ಮಾಡಿನ ಕಾವಿಗೂ ದೂರವಿಡಿರಿ; ಶಾಖಕ್ಕೆ ತಟ್ಟೆ ಸೊಟ್ಟಾಗುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಲೇಕೂಡದು, ಅರಗು ಅದರಲ್ಲಿ ಕರಗುತ್ತದೆ. ತುಸು ಒದ್ದೆಯಾದ ಮೆತ್ತನೆಯ ಬಟ್ಟೆ ಸಾಕು. ಚೀಟಿಯ ಮೇಲಿನ ಗಾಯಕರ ಹೆಸರು, ಕಂಪೆನಿಯ ಹೆಸರು, ತಟ್ಟೆಯ ಸಂಖ್ಯೆ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪದದ ಕೊನೆಯ ನುಡಿ ತಟ್ಟೆಯಲ್ಲಿ ಇಲ್ಲದಿದ್ದರೆ, ಅದು ಬಾಯಿಪಾಠವಿರುವ ಹಿರಿಯರು ನಿಮ್ಮ ಮನೆಯಲ್ಲಿಯೇ ಇರಬಹುದು. ಅವರನ್ನು ಕೇಳಿ, ಅಂಕಿತವನ್ನೂ ಅದರ ಕೆಳಗೆ ಬರೆದುಕೊಳ್ಳಿರಿ.