ನೀರಿನ ಕಾರ್ಡು: ಬರೆಯುವ ಯಂತ್ರ ಕೊಳ್ಳುವುದೋ, ನಾವೇ ಮಾಡಿಕೊಳ್ಳುವುದೋ?

ನಮ್ಮ ಹಿರೇಕೆರೂರು ಸೀಮೆಯ ಹಲವು ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿರುವುದು ಸದಸ್ಯರಿಗೆಲ್ಲ ತಿಳಿದ ವಿಷಯ. ಕೆಲವೆಡೆ ನಾಣ್ಯ ಹಾಕಿದರೆ ನೀರು, ಕೆಲವೆಡೆ ಕಾರ್ಡು ತೋರಿಸಿದರೆ ನೀರು. ಮುಂಗಡ ಕಟ್ಟಿ ಕಾರ್ಡು ತುಂಬಿಸಿಕೊಂಡರೆ ಚಿಲ್ಲರೆಯ ತಾಪತ್ರಯವಿಲ್ಲ. ತೋಟಕ್ಕೆ ಹೊರಟ ಹುಡುಗನ ಕೈಗೆ ಕಾರ್ಡು, ಕ್ಯಾನು ಕೊಟ್ಟು ಕಳಿಸಿದರಾಯಿತು.

ನನಗೆ ಪರಿಚಯದ ಒಂದು ಸಣ್ಣ ಸಂಘ ಇಂಥ ಘಟಕ ನಡೆಸುತ್ತಿತ್ತು. ಒಂದು ಬೇಸಿಗೆಯಲ್ಲಿ ಕಚೇರಿಯಲ್ಲಿದ್ದ ಕಾರ್ಡು ತುಂಬುವ ಯಂತ್ರ ಕೆಟ್ಟಿತು. ಮಾರಿದವರು ಫೋನು ಎತ್ತಲಿಲ್ಲ. ನೀರು ಬಿಡುವ ಯಂತ್ರವೇನೋ ಗಟ್ಟಿಮುಟ್ಟಾಗಿತ್ತು. ಹೀಗಾಗಿ ಕಾರ್ಡಿನಲ್ಲಿ ಹಣ ಉಳಿದವರಿಗೆ ನೀರು ಬರುತ್ತಿತ್ತು, ಮುಗಿದವರಿಗೆ ಇಲ್ಲ. ಕಾರ್ಯದರ್ಶಿಗಳು ಬಂದು, "ಅದನ್ನ ನಾವ ಮಾಡ್ಕೋಬಹುದಂತಲ್ರೀ? ಸಾವಿರ ರೂಪಾಯಿ ಒಳಗ ಆಗತೈತಿ ಅಂತಾರ ಹುಡುಗ್ರು" ಎಂದರು.

ಹುಡುಗರ ಮಾತು ಸುಳ್ಳಲ್ಲ. ಆದರೆ ಯಂತ್ರ ಮಾಡಿದ ಮಾತ್ರಕ್ಕೆ ಕಾರ್ಡು ತೆರೆಯುವುದಿಲ್ಲ. ಅದೇಕೆಂದು ತಿಳಿಯಬೇಕಾದರೆ ಕಾರ್ಡಿನ ಒಳಗನ್ನು ಸ್ವಲ್ಪ ನೋಡಬೇಕು.

ಕಾರ್ಡಿಗೆ ಬರೆಯುವ ಯಂತ್ರಕ್ಕೆ 'ಪ್ರೋಗ್ರಾಮರ್' ಎನ್ನುತ್ತಾರೆ. (ಬೆಂಗಳೂರಿನಲ್ಲಿ ಈ ಹೆಸರಿನ ಮನುಷ್ಯರೂ ಇದ್ದಾರೆ, ಅವರು ಬೇರೆ.) ಚಿನ್ನದ ಬಣ್ಣದ ತಗಡಿರುವ ಕಾರ್ಡನ್ನು ಯಂತ್ರದೊಳಗೆ ತೂರಿಸಬೇಕು. ನೀರಿನ ಘಟಕದಲ್ಲಿ ಕಾಣುವುದು ಬರೀ ಹತ್ತಿರ ಹಿಡಿದರೆ ಸಾಕಾಗುವ ಬಿಳಿ ಕಾರ್ಡು. ಇದರಲ್ಲಿ ಬ್ಯಾಟರಿ ಇಲ್ಲ. ಯಂತ್ರ ಹೊರಡಿಸುವ 13.56 ಮೆಗಾಹರ್ಟ್ಸ್ ರೇಡಿಯೋ ಅಲೆಯಿಂದಲೇ ಅದರ ಚಿಪ್ಪು ಶಕ್ತಿ ಪಡೆಯುತ್ತದೆ. ಆದ್ದರಿಂದಲೇ ಕೆಲವು ಅಂಗುಲ ದೂರ ಹೋದರೆ ಕೆಲಸ ನಿಲ್ಲುತ್ತದೆ.

ಪೇಟೆಯಲ್ಲಿ ಧಾರಾಳವಾಗಿ ಸಿಗುವುದು 'ಮೈಫೇರ್ ಕ್ಲಾಸಿಕ್' ಎಂಬ ಜಾತಿ. ಅದನ್ನು 16 ಖಾನೆಗಳ ಕಪಾಟು ಎಂದುಕೊಳ್ಳಿ. ಖಾನೆಗೆ ನಾಲ್ಕು ಸಾಲು, ಸಾಲಿಗೆ 16 ಅಕ್ಷರ. ನಾಲ್ಕನೆಯ ಸಾಲಿನಲ್ಲಿ ಆ ಖಾನೆಯ ಎರಡು ಗುಪ್ತ ಕೀಲಿಕೈಗಳೂ, ಯಾವ ಕೀಲಿಕೈಯಿಂದ ಏನು ಮಾಡಬಹುದೆಂಬ ನಿಯಮವೂ ಇರುತ್ತವೆ. ಒಂದಕ್ಕೆ 'ಎ', ಇನ್ನೊಂದಕ್ಕೆ 'ಬಿ' ಎಂದು ಹೆಸರು. ಎರಡು ಕೀಲಿಯ ತಿಜೋರಿ ಕಂಡ ಸಹಕಾರಿಗಳಿಗೆ ಇದು ಹೊಸದೇನಲ್ಲ. ಸರಿಯಾಗಿ ಹೊಂದಿಸಿದರೆ 'ಎ'ಯಿಂದ ಹಣ ಕಳೆಯಲು ಮಾತ್ರ ಬರುತ್ತದೆ, ಕೂಡಿಸಲು 'ಬಿ' ಬೇಕೇ ಬೇಕು. ಬೀದಿಯಲ್ಲಿರುವ ನೀರಿನ ಯಂತ್ರಕ್ಕೆ 'ಎ' ಕೊಟ್ಟು, 'ಬಿ'ಯನ್ನು ಕಚೇರಿಯಲ್ಲಿಟ್ಟುಕೊಂಡರೆ, ಯಾರಾದರೂ ಯಂತ್ರ ಬಿಚ್ಚಿ ಒಯ್ದರೂ ಕಾರ್ಡಿಗೆ ಹಣ ತುಂಬಲಾರರು.

ಆ ಸಂಘಕ್ಕೆ ಎರಡೂ ಕೀಲಿಕೈ ಗೊತ್ತಿರಲಿಲ್ಲ. ಮಾರಿದವರೇ ಹಾಕಿಕೊಟ್ಟಿದ್ದರು. ಕರಾರು ಪತ್ರದಲ್ಲಿ ಅದರ ಮಾತೇ ಇರಲಿಲ್ಲ.

ಈಗ ಯಂತ್ರ ಮಾಡುವ ವಿಚಾರ. ಬೇಕಾದದ್ದು ಎರಡು ಸಾಮಾನು: ಆರ್‌ಸಿ522 ಎಂಬ ಓದು-ಬರಹದ ಹಲಗೆ ಮತ್ತು ಅದನ್ನು ನಡೆಸಲು ಆರ್ಡುಯಿನೊ ಎಂಬ ಪುಟ್ಟ ಗಣಕ ಹಲಗೆ. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ್ದು. ಇವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಅಂಚೆಯಲ್ಲಿ ತರಿಸಲೂ ಬರುತ್ತದೆ. ಏಳೆಂಟು ತಂತಿ ಜೋಡಿಸಿ, ಸಿದ್ಧ ಸಿಗುವ ಪ್ರೋಗ್ರಾಮು ತುಂಬಿದರೆ ಕಾರ್ಡಿನ ನಂಬರು ಪರದೆಯ ಮೇಲೆ ಬರುತ್ತದೆ. ಅದನ್ನು ಮೊದಲ ಸಲ ಕಂಡಾಗ ಆಗುವ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಎಡವುವುದು ಎಲ್ಲಿ ಎಂಬುದನ್ನೂ ಹೇಳಿಬಿಡುತ್ತೇನೆ. ಆರ್‌ಸಿ522ಗೆ ಬೇಕಾದದ್ದು 3.3 ವೋಲ್ಟು. ಪಕ್ಕದಲ್ಲೇ ಇರುವ 5 ವೋಲ್ಟಿನ ಕಾಲಿಗೆ ತಂತಿ ಕೊಟ್ಟರೆ ಹಲಗೆ ಸುಡಬಹುದು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಖಾನೆಯ ನಾಲ್ಕನೆಯ ಸಾಲನ್ನು ಓದಿದಾಗ 'ಎ' ಕೀಲಿಕೈಯ ಜಾಗದಲ್ಲಿ ಬರೀ ಸೊನ್ನೆಗಳು ಕಾಣುತ್ತವೆ. ಅದು ನಿಜವಾದ ಕೀಲಿಕೈಯಲ್ಲ, ಕಾರ್ಡು ಅದನ್ನು ಯಾರಿಗೂ ತೋರಿಸುವುದಿಲ್ಲ. ಓದಿದ್ದನ್ನು ಹಾಗೆಯೇ ತಿದ್ದಿ ವಾಪಸು ಬರೆದರೆ ಸೊನ್ನೆಗಳೇ ಹೊಸ ಕೀಲಿಕೈಯಾಗುತ್ತವೆ. ಇನ್ನು ನಿಯಮದ ಭಾಗವನ್ನು ತಪ್ಪಾಗಿ ಬರೆದರೆ ಆ ಖಾನೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ನಾನು ಹೀಗೆ ಎರಡು ಕಾರ್ಡು ಕಳೆದುಕೊಂಡ ಮೇಲೆಯೇ ಹೊಸ ಖಾಲಿ ಕಾರ್ಡಿನ ಮೇಲೆ ಮಾತ್ರ ಪ್ರಯೋಗ ಮಾಡಬೇಕೆಂಬ ಬುದ್ಧಿ ಬಂದದ್ದು.

ಕೊಳ್ಳುವ ಯಂತ್ರವೆಂದರೆ ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಸಿಕ್ಕಿಸುವ, ಅಂಗೈಯಗಲದ ಪೆಟ್ಟಿಗೆ. ಎಸಿಆರ್122ಯು ಎಂಬುದು ಹೆಚ್ಚು ಬಳಕೆಯದು. ಬೆಲೆ ಕೆಲವು ಸಾವಿರ. ಮನೆಯಲ್ಲಿ ಮಾಡಿದ್ದಕ್ಕಿಂತ ಇದು ಹೆಚ್ಚೇನೂ ಬರೆಯುವುದಿಲ್ಲ. ಆದರೆ ತಂತಿ ಸಡಿಲವಾಗುವ ಕಾಟವಿಲ್ಲ, ಕೆಟ್ಟರೆ ಅಂಥದೇ ಇನ್ನೊಂದು ತಂದಿಡಬಹುದು. ಸಂಘಕ್ಕೆ ಇದೇ ದೊಡ್ಡ ಮಾತು. ಸದಸ್ಯರ ಮಗನೊಬ್ಬ ಉತ್ಸಾಹದಿಂದ ಯಂತ್ರ ಕಟ್ಟಿಕೊಡುತ್ತಾನೆ, ವರ್ಷ ಕಳೆದರೆ ನೌಕರಿಗೆ ಹೋಗುತ್ತಾನೆ. ಆಮೇಲೆ ಆ ತಂತಿಗಳ ಗಂಟನ್ನು ಮುಟ್ಟುವವರು ಯಾರು?

ಆದ್ದರಿಂದ ನನ್ನ ಅಭಿಪ್ರಾಯ ಇದು: ಹಣವಿರುವ ಕಾರ್ಡಿಗೆ ಯಂತ್ರ ಕೊಳ್ಳಿರಿ. ಹಾಜರಿ ಹಚ್ಚುವುದು, ಅಡಿಕೆ ಚೀಲಕ್ಕೆ ಗುರುತಿನ ನಂಬರು ಕೊಡುವುದು ಮುಂತಾದ ಕೆಲಸಕ್ಕೆ ಮನೆಯಲ್ಲಿ ಮಾಡಿದ್ದು ಧಾರಾಳ ಸಾಕು. ಮಕ್ಕಳಿಗೆ ಕಲಿಯಲಿಕ್ಕಂತೂ ಇದಕ್ಕಿಂತ ಒಳ್ಳೆಯದು ಸಿಗದು.

ಕೆಲವರು ಕೇಳಬಹುದು, ಕೀಲಿಕೈ ಗೊತ್ತಿಲ್ಲದಿದ್ದರೆ ಒಡೆಯಬಾರದೇ ಎಂದು. ಮೈಫೇರ್ ಕ್ಲಾಸಿಕ್‌ನ ಬೀಗ ದುರ್ಬಲವೆಂಬುದನ್ನು ನೆದರ್ಲೆಂಡ್ಸ್‌ನ ನೈಮೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿಯೇ ತೋರಿಸಿಕೊಟ್ಟರು. ಪ್ರಕಟಿಸದಂತೆ ತಡೆಯಲು ಚಿಪ್ಪಿನ ಕಂಪನಿ ನ್ಯಾಯಾಲಯಕ್ಕೆ ಹೋಯಿತು, ನ್ಯಾಯಾಲಯ ಒಪ್ಪಲಿಲ್ಲ. ಆದರೆ ಇನ್ನೊಬ್ಬರ ವ್ಯವಸ್ಥೆಯನ್ನು ಅನುಮತಿಯಿಲ್ಲದೆ ಒಡೆಯುವುದು ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ ಬರುತ್ತದೆ. ಆ ಹಾದಿ ಸಂಘಕ್ಕೆ ಬೇಡ. ಈ ಸುದ್ದಿಯಿಂದ ನಾವು ಕಲಿಯಬೇಕಾದದ್ದು ಬೇರೆ: ಇಂಥ ಕಾರ್ಡಿನ ಮೇಲೆ ದೊಡ್ಡ ಮೊತ್ತ ಇಡಬಾರದು. ಸಾಧ್ಯವಿದ್ದರೆ ಕಾರ್ಡಿನಲ್ಲಿ ಸದಸ್ಯರ ನಂಬರು ಮಾತ್ರ ಇದ್ದು, ಬಾಕಿ ಹಣ ಸಂಘದ ಲೆಕ್ಕದಲ್ಲಿರಬೇಕು. ಪಾಸ್‌ಬುಕ್ಕು ಕಳೆದರೂ ಲೆಜರು ಉಳಿಯುವ ಹಾಗೆ.

ಘಟಕ ಹಾಕಿಸುವ ಆಡಳಿತ ಮಂಡಳಿಯವರು ಕರಾರಿನಲ್ಲಿ ಒಂದು ಸಾಲು ಸೇರಿಸಬೇಕು: ಕಾರ್ಡಿನ ಜಾತಿ, ಎರಡೂ ಕೀಲಿಕೈ, ಯಾವ ಖಾನೆಯಲ್ಲಿ ಏನು ಬರೆದಿದೆ ಎಂಬ ವಿವರವನ್ನು ಲಿಖಿತವಾಗಿ, ಮೊಹರು ಮಾಡಿದ ಲಕೋಟೆಯಲ್ಲಿ ಸಂಘಕ್ಕೆ ಕೊಡತಕ್ಕದ್ದು. ಕೊನೆಯ ಕಂತಿನ ಹಣ ಅದು ಕೈಗೆ ಬಂದ ಮೇಲೆ. ಕಾರ್ಖಾನೆಯಿಂದ ಬಂದ ಕೀಲಿಕೈಯನ್ನೇ, ಅಂದರೆ ಹನ್ನೆರಡು 'ಎಫ್' ಅಕ್ಷರಗಳನ್ನೇ, ಹಾಗೆ ಬಿಟ್ಟಿದ್ದಾರೆಯೇ ಎಂದೂ ಪರೀಕ್ಷಿಸಿಕೊಳ್ಳಿ. ಅದು ಜಗತ್ತಿಗೆಲ್ಲ ಗೊತ್ತಿರುವ ಕೀಲಿಕೈ.

ಆ ಸಂಘದವರು ಕಡೆಗೆ ಬರೆಯುವ ಯಂತ್ರ ಕೊಂಡರು. ಹಳೆಯ ಕೀಲಿಕೈ ಸಿಗದ್ದರಿಂದ ನೀರಿನ ಯಂತ್ರದೊಳಗಿನ ಓದುವ ಹಲಗೆಯನ್ನೂ ಬದಲಿಸಬೇಕಾಯಿತು, ಕಾರ್ಡುಗಳೂ ಹೊಸವಾದವು. ಹಳೆಯ ಕಾರ್ಡಿನಲ್ಲಿ ಯಾರ ಹಣ ಎಷ್ಟಿತ್ತೆಂದು ಓದುವಂತಿರಲಿಲ್ಲ. ಕಾರ್ಯದರ್ಶಿಗಳು ಹಣ ತುಂಬಿದಾಗಲೆಲ್ಲ ಹರಿದುಕೊಟ್ಟ ರಸೀದಿಯ ಅಡಿಪ್ರತಿ ಇಟ್ಟಿದ್ದರು. ಕೊನೆಯ ರಸೀದಿಯ ಪೂರ್ತಿ ಮೊತ್ತವನ್ನು ಪ್ರತಿಯೊಬ್ಬರ ಹೊಸ ಕಾರ್ಡಿಗೆ ತುಂಬಿಕೊಟ್ಟರು. ಅರ್ಧ ನೀರು ಕುಡಿದು ಮುಗಿಸಿದವರಿಗೂ ಪೂರ್ತಿ ಸಿಕ್ಕಿತು. ಆ ನಷ್ಟವನ್ನು ಮಹಾಸಭೆಯಲ್ಲಿ ಮಂಡಿಸಿ ಒಪ್ಪಿಗೆ ಪಡೆದರು.