ಮಸಿಯ ಮಚ್ಚೆಯಲ್ಲಿ ಕಂಡದ್ದು

1945ರ ಮೇ ತಿಂಗಳಿನಲ್ಲಿ, ಲಕ್ಸೆಂಬರ್ಗಿನ ಮೊಂಡಾರ್ಫ್ ಎಂಬ ಊರಿನಲ್ಲಿ ಸೆರೆಮನೆಯಾಗಿ ಮಾರ್ಪಟ್ಟಿದ್ದ ವಿಲಾಸಿ ಹೋಟೆಲೊಂದಕ್ಕೆ ಹರ್ಮನ್ ಗೋರಿಂಗನನ್ನು ಕರೆತಂದಾಗ, ಅವನ ಗಂಟುಮೂಟೆಯೊಡನೆ ಪ್ಯಾರಾಕೊಡೀನ್ ಎಂಬ ಮಾದಕ ಔಷಧದ ಸುಮಾರು 20,000 ಗುಳಿಗೆಗಳೂ ಬಂದಿಳಿದವು. ಜರ್ಮನಿಯಲ್ಲಿ ಹಿಟ್ಲರನ ತರುವಾಯದ ಸ್ಥಾನದಲ್ಲಿ ಮೆರೆದಿದ್ದ ಈ ವ್ಯಸನಿಯ ಗುಳಿಗೆಗಳನ್ನು ದಿನದಿನಕ್ಕೂ ತಗ್ಗಿಸುತ್ತ, ಕೊನೆಗೆ ಪೂರ್ತಿ ಬಿಡಿಸಿದುದು ಅಲ್ಲಿನ ಅಮೆರಿಕನ್ ವೈದ್ಯರ ಮೊದಲ ಸಾಧನೆ. ಅವರಲ್ಲೊಬ್ಬರು ಮನೋವೈದ್ಯ ಮೇಜರ್ ಡಗ್ಲಸ್ ಕೆಲ್ಲಿ.

ಯುದ್ಧಾಪರಾಧಿಗಳ ಮನಃಪರೀಕ್ಷೆಯು ಹುಟ್ಟಿದುದು ತತ್ತ್ವಜಿಜ್ಞಾಸೆಯಿಂದಲ್ಲ, ಇಂತಹ ಅಗತ್ಯದಿಂದ. ಆಪಾದಿತನು ಕಟಕಟೆಯಲ್ಲಿ ನಿಲ್ಲಬೇಕಾದರೆ ಬದುಕಿರಬೇಕು, ಬುದ್ಧಿಯೂ ಸ್ವಾಧೀನದಲ್ಲಿರಬೇಕು. ವಿಚಾರಣೆಗಾಗಿ ಸೆರೆಯಾಳುಗಳನ್ನು ಸಾಗಿಸಿದ್ದ ನ್ಯೂರೆಂಬರ್ಗಿನ ಸೆರೆಯಲ್ಲಿ ಅಕ್ಟೋಬರ್ 25ರಂದು ನಾಜಿ ಮುಖಂಡ ರಾಬರ್ಟ್ ಲೇ ನೇಣು ಹಾಕಿಕೊಂಡ ಮೇಲಂತೂ ಪ್ರತಿಯೊಂದು ಕೋಣೆಯ ಬಾಗಿಲಿಗೂ ಒಬ್ಬೊಬ್ಬ ಕಾವಲುಗಾರನ ಕಣ್ಣು ಹಗಲಿರುಳೂ ಅಂಟಿಕೊಂಡಿತು. ಒಮ್ಮೆ ಹಿಟ್ಲರನ ಉಪನಾಯಕನಾಗಿದ್ದ ರುಡಾಲ್ಫ್ ಹೆಸ್ಸನ ತಂಟೆ ಬೇರೊಂದು ಬಗೆಯದು: ತನಗೆ ಹಿಂದಿನದೇನೂ ನೆನಪಿಲ್ಲವೆಂದು ಅವನು ಹಟ ಹಿಡಿದಿರಲು, ಹಲವು ದೇಶಗಳ ವೈದ್ಯರು ಕಲೆತು ಅವನ ಸ್ಮೃತಿಯ ಪರಾಮರ್ಶೆ ನಡೆಸಿ ವರದಿಗಳನ್ನು ಬರೆದರು; ನವೆಂಬರ್ 30ರಂದು ಅವನೇ ನ್ಯಾಯಾಲಯದಲ್ಲಿ ಎದ್ದು ನಿಂತು, ತನ್ನ ಮರೆವು ಬರಿಯ ನಟನೆಯೆಂದು ಸಾರಿಬಿಟ್ಟನು! ಆ ಮಾತನ್ನಾದರೂ ಎಷ್ಟು ನಂಬಬಹುದಿತ್ತೋ, ದೇವರೇ ಬಲ್ಲ.

ಅಗತ್ಯದಿಂದ ಮೊದಲಾದ ಈ ಕಾರ್ಯವನ್ನು ಕುತೂಹಲವು ತನ್ನ ದಾರಿಗೆ ಎಳೆದುಕೊಂಡಿತು. ಜರ್ಮನ್ ಬಲ್ಲ ಮನಶ್ಶಾಸ್ತ್ರಜ್ಞ ಗುಸ್ತಾವ್ ಗಿಲ್ಬರ್ಟ್ ಕೆಲ್ಲಿಯವರ ಜೊತೆಗೂಡಿದರು. ಸ್ವಿಸ್ ವೈದ್ಯ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ, ಮಸಿಯ ಮಚ್ಚೆಗಳುಳ್ಳ ಹತ್ತು ಕಾರ್ಡುಗಳು ಸೆರೆಕೋಣೆಗಳನ್ನು ಪ್ರವೇಶಿಸಿದವು. ಈ ಮಚ್ಚೆಯಲ್ಲಿ ನಿನಗೇನು ಕಾಣುತ್ತದೆ ಎಂಬ ಪ್ರಶ್ನೆಗೆ, ಒಂದು ಖಂಡವನ್ನೇ ಸ್ಮಶಾನವಾಗಿಸಿದವರು ಮಕ್ಕಳಂತೆ ಉತ್ತರ ಕೊಡುತ್ತ ಕುಳಿತರು. ಬುದ್ಧಿಮಾಪನವೂ ನಡೆಯಿತು: ಹಿಟ್ಲರನ ಆರ್ಥಿಕ ಸಚಿವನಾಗಿದ್ದ ಶಾಕ್ಟ್ 143, ಗೋರಿಂಗ್ 138, ಯೆಹೂದ್ಯದ್ವೇಷದ ಪತ್ರಿಕೆ ನಡೆಸಿದ ಸ್ಟ್ರೈಖರ್ 106. ಪರೀಕ್ಷೆಯ ವೇಳೆ ಶಾಬಾಸ್‌ಗಿರಿಗಾಗಿ ಶಾಲಾಬಾಲಕನಂತೆ ಹಂಬಲಿಸಿದ ಗೋರಿಂಗನಿಗೆ, ತನಗಿಂತ ಮುಂದೆ ಬೇರೆಯವರಿದ್ದಾರೆಂಬುದು ರುಚಿಸಲಿಲ್ಲ.

ಆದರೆ ಅದೇ ಮಚ್ಚೆಗಳಿಂದ ಈ ಈರ್ವರು ಪರೀಕ್ಷಕರು ಪಡೆದ ನಿರ್ಣಯಗಳು ಮಾತ್ರ ಪರಸ್ಪರ ವಿರುದ್ಧ. ಇಂಥವರು ಯಾವ ದೇಶದಲ್ಲಾದರೂ ದೊರೆತಾರೆಂದು ಕೆಲ್ಲಿ ಹೇಳಿದರೆ, ಇವರದು ವಿಕೃತ ಮನಸ್ಸೇ ಸರಿಯೆಂದು ಗಿಲ್ಬರ್ಟ್ ವಾದಿಸಿದರು. 1947ರಲ್ಲಿ ಇಬ್ಬರೂ ಬೇರೆಬೇರೆ ಪುಸ್ತಕಗಳನ್ನು ಹೊರತಂದರು. ಉತ್ತರಪತ್ರಗಳನ್ನು ಪರಿಣತರಿಗೆ ಕಳುಹಿಸಿದಾಗ ಅಭಿಪ್ರಾಯ ಬರೆದುಕೊಡಲು ಯಾರೂ ಮುಂದಾಗಲಿಲ್ಲ. ಆ ಪರಿಣತರಲ್ಲೊಬ್ಬರಾದ ಮಾಲಿ ಹ್ಯಾರೋವರ್, ದಶಕಗಳು ಕಳೆದ ಮೇಲೆ, 1976ರಲ್ಲಿ, ಹೆಸರುಗಳನ್ನು ಅಳಿಸಿದ ಆ ಉತ್ತರಗಳನ್ನು ಪಾದ್ರಿಗಳ ಹಾಗೂ ಮನೋರೋಗಿಗಳ ಉತ್ತರಗಳೊಡನೆ ಬೆರೆಸಿ ತಜ್ಞರ ಮುಂದಿಟ್ಟರು. ನಾಜಿಗಳು ಯಾರೆಂದು ಆ ತಜ್ಞರಿಂದ ಬೇರ್ಪಡಿಸಿ ಹೇಳಲಾಗಲಿಲ್ಲ.