ಕರ್ಣನ ಕಣ್ಣೀರು ಮತ್ತು ಮೂರನೇ ಸಾಲು

ಹಳೆಯ ಪದ್ಯ ಕೊಟ್ಟರೆ ಪರೀಕ್ಷೆಯಲ್ಲಿ ನಾವು ಎರಡು ಉತ್ತರ ಬರೀತಿದ್ದೆವು. ಛಂದಸ್ಸು: ಭಾಮಿನಿ ಷಟ್ಪದಿ. ರಸ: ಕರುಣ. ಎರಡಕ್ಕೂ ಅಂಕ ಸಿಗುತ್ತಿತ್ತು. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ಇವತ್ತಿನ ಮಾತು ಅದೇ.

ಕುಮಾರವ್ಯಾಸನ ಉದ್ಯೋಗಪರ್ವ ತಗೊಳ್ಳೋಣ. ಸಂಧಾನ ಮುರಿದಿದೆ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ: ನೀನು ಕುಂತಿಯ ಮಗ, ಪಾಂಡವರಿಗೆಲ್ಲ ಅಣ್ಣ. ಅದನ್ನು ಕೇಳಿದ ಕರ್ಣನ ಸ್ಥಿತಿಗೆ ಒಂದೇ ಒಂದು ಪದ್ಯ ಮೀಸಲು.

ಮೊದಲು ಅಳತೆ ನೋಡಿ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ ಮೂರು-ನಾಲ್ಕು, ಮೂರು-ನಾಲ್ಕು ಅಂತ 14 ಮಾತ್ರೆ. ಮೂರನೇ ಮತ್ತು ಆರನೇ ಸಾಲು ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು, ಒಟ್ಟು 23. ಅಂದ್ರೆ ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು. ಮತ್ತೆ ಅದೇ.

ಈಗ ಕವಿ ಅದನ್ನು ತುಂಬಿದ ರೀತಿ ನೋಡಿ. ಗಿಡ್ಡ ಸಾಲುಗಳಲ್ಲಿ ಕೊರಳ ನರ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಎಲ್ಲ ಮೈಯಲ್ಲೇ ನಡೆಯುತ್ತದೆ. ಉದ್ದ ಸಾಲು ಬಂದಾಗ ನಾವು ಮನಸ್ಸಿನೊಳಗೆ ಇಳಿಯುತ್ತೇವೆ. ಅಲ್ಲಿ ಕರ್ಣ ಅಳುತ್ತಿರುವುದು ತನಗಾಗಿ ಅಲ್ಲ, ದುರ್ಯೋಧನನಿಗೆ ಕೇಡಾಯಿತಲ್ಲ ಅಂತ. ಸಾಲಿನ ಕೊನೆಯ ಅಕ್ಷರ ಲಘುವಾದರೂ ಗುರುವಿನ ಲೆಕ್ಕ, ಹಾಗಾಗಿ ದನಿ ಅಲ್ಲಿ ನಿಲ್ಲಲೇಬೇಕು. ಆ ನಿಲುಗಡೆಯೇ ಅವನ ಮೌನ.

ಎರಡನೇ ಅರ್ಧದಲ್ಲಿ ಭಾವ ಬದಲಾಗುತ್ತದೆ. ಹರಿಯ ಹಗೆ ಸುಮ್ಮನೆ ಹೋಗುವುದಲ್ಲ ಅನ್ನುವುದು ಅವನಿಗೆ ಹೊಳೆಯುತ್ತದೆ. ಐದನೇ ಸಾಲು ಮುಗಿದರೂ ಮಾತು ಮುಗಿಯುವುದಿಲ್ಲ. ಪದವೇ ಒಡೆದು ಆರನೇ ಸಾಲಿಗೆ ದಾಟುತ್ತದೆ. ಕುಲ ತಿಳಿಸಿಯೇ ನನ್ನನ್ನು ಕೊಂದ ಅನ್ನುವ ಅರಿವಿಗೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲ. ಕರುಣ ಅಂತ ಒಂದೇ ಪದ ಬರೆದರೆ ಈ ಕಹಿ ಅರಿವು ಕೈತಪ್ಪುತ್ತದೆ.

ಹಾಗಂತ ಭಾಮಿನಿಯೇ ದುಃಖದ ಛಂದಸ್ಸು ಅಂದುಕೊಳ್ಳಬೇಡಿ. ಇದೇ ಅಳತೆಯಲ್ಲಿ ಭೀಮ ಅಬ್ಬರಿಸುತ್ತಾನೆ, ಉತ್ತರಕುಮಾರ ನಗಿಸುತ್ತಾನೆ. ಛಂದಸ್ಸು ಭಾವ ಕೊಡುವುದಿಲ್ಲ. ಭಾವಕ್ಕೆ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಅಂತ ಜಾಗ ಕೊಡುತ್ತದೆ.

ಈ ಪದ್ಯ ಸಿಕ್ಕರೆ ದಯವಿಟ್ಟು ಗಟ್ಟಿಯಾಗಿ ಓದಿ. ಮೂರನೇ ಸಾಲಿನ ತುದಿಯಲ್ಲಿ ಒಂದು ಕ್ಷಣ ನಿಲ್ಲಿ. ಐದರಿಂದ ಆರಕ್ಕೆ ನಿಲ್ಲದೆ ಹೋಗಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.